ವಿಕಿರಣಶೀಲ ಸರಕು, ಘಟ್ಟದ ರಸ್ತೆ, ರಾಜ್ಯದ ಗಡಿ: ಉತ್ತರ ಕನ್ನಡದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಜಿಲ್ಲೆಯಲ್ಲಿ ಓಡಾಡುವ ಇಂಥ ಸರಕೆಲ್ಲ ಕೈಗಾದ್ದೇ ಅಲ್ಲವೇ?

ಅಲ್ಲ. ಕೈಗಾ ಹೆಸರು ದೊಡ್ಡದು, ಹಾಗಾಗಿ ಹಳದಿ ಚೀಟಿಯ ಮೇಲೆ ಮೂರು ರೆಕ್ಕೆಯ ಗುರುತು ಕಂಡ ಕೂಡಲೇ ಜನ ಅತ್ತ ಬೆರಳು ಮಾಡುತ್ತಾರೆ. ಹೆದ್ದಾರಿಯಲ್ಲಿ ನಿಮಗೆ ಎದುರಾಗುವ ಸಂಭವ ಹೆಚ್ಚಿರುವುದು ಬೇರೆ ಪೆಟ್ಟಿಗೆಗಳು. ಪೈಪು, ಬಾಯ್ಲರು, ಹಡಗಿನ ಬೆಸುಗೆಯನ್ನು ಗಾಮಾ ಕಿರಣದಿಂದ ಪರೀಕ್ಷಿಸುವ ಇರಿಡಿಯಂ-192 ಕ್ಯಾಮೆರಾ, ಅಂದರೆ ರೇಡಿಯೋಗ್ರಫಿ ಕ್ಯಾಮೆರಾ. ರಸ್ತೆ ಕಾಮಗಾರಿಯಲ್ಲಿ ಮಣ್ಣು, ಡಾಂಬರು ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ಅಳೆಯುವ ಗೇಜು; ಇದರೊಳಗೆ ಸಾಮಾನ್ಯವಾಗಿ 0.3 ಗಿಗಾಬೆಕರೆಲ್‌ನಷ್ಟು ಸೀಸಿಯಂ-137, 1.5 ಗಿಗಾಬೆಕರೆಲ್‌ನಷ್ಟು ಅಮೆರಿಸಿಯಂ-ಬೆರಿಲಿಯಂ ಇರುತ್ತದೆ. ಬೆಕರೆಲ್ ಎಂದರೆ ವಿಕಿರಣಶೀಲತೆಯ ಅಳತೆ; ಸಾವಿರ ಗಿಗಾ ಸೇರಿದರೆ ಒಂದು ಟೆರಾ. ಕಾಗದ ಕಾರ್ಖಾನೆಗಳಲ್ಲಿ ಹಾಳೆಯ ತೂಕ ನೋಡುವ ಗೇಜು. ಆಸ್ಪತ್ರೆಗಳಿಗೆ ಹೋಗುವ ಅಯೋಡಿನ್-131, ಮಾಲಿಬ್ಡಿನಂ-99.

ಇವುಗಳಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇರಿಡಿಯಂ ಕ್ಯಾಮೆರಾ. ಅದರೊಳಗಿನ 2 ಟೆರಾಬೆಕರೆಲ್ ವಿಕಿರಣ ಮೂಲವೊಂದು ಕವಚದಿಂದ ಹೊರಬಿದ್ದರೆ ಒಂದು ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 260 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಕೊಡುತ್ತದೆ. ಕವಚದೊಳಗೆ ಇರುವವರೆಗೆ ಅದೇ ಕ್ಯಾಮೆರಾವನ್ನು ಕೆಲಸಗಾರರು ಕೈಯಲ್ಲಿ ಹಿಡಿದು ಒಯ್ಯುತ್ತಾರೆ.

ಹಾಗಾದರೆ ಕೈಗಾಕ್ಕೆ ಬರುವ, ಅಲ್ಲಿಂದ ಹೋಗುವ ಇಂಧನ?

ಬರುವ ಇಂಧನದ ಬಗ್ಗೆ ಅನಗತ್ಯ ಭಯವಿದೆ. ಕೈಗಾದಲ್ಲಿ ಓಡುತ್ತಿರುವುದು ತಲಾ 220 ಮೆಗಾವ್ಯಾಟ್‌ನ 4 ಭಾರಜಲ ರಿಯಾಕ್ಟರುಗಳು. ಅವುಗಳಿಗೆ ಬೇಕಾದ ನೈಸರ್ಗಿಕ ಯುರೇನಿಯಂ ಬಂಡಲುಗಳು ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯಲ್ ಕಾಂಪ್ಲೆಕ್ಸ್‌ನಲ್ಲಿ ತಯಾರಾಗುತ್ತವೆ. ಒಂದು ಬಂಡಲಿನಲ್ಲಿ 19 ಕಡ್ಡಿ. ರಿಯಾಕ್ಟರಿಗೆ ಹೋಗದ ನೈಸರ್ಗಿಕ ಯುರೇನಿಯಂಗೆ ಸಾಗಣೆ ನಿಯಮದ ಕೋಷ್ಟಕದಲ್ಲಿ ಚಟುವಟಿಕೆಯ ಮಿತಿಯನ್ನೇ ಹಾಕಿಲ್ಲ, ಅಷ್ಟು ದುರ್ಬಲ ಅದರ ವಿಕಿರಣ. ಉರಿದ ಇಂಧನ ಸಂಪೂರ್ಣ ಬೇರೆ ಜಾತಿ. ಅದು ಮೊದಲು ಸ್ಥಾವರದ ನೀರಿನ ಕೊಳದಲ್ಲೇ ವರ್ಷಗಟ್ಟಲೆ ತಣಿಯಬೇಕು. ಹೊರಗೆ ಹೋಗುವುದಾದರೆ ಅಪಘಾತಕ್ಕೂ ತಾಳುವಂತೆ ಪರೀಕ್ಷಿಸಿದ, ಭಾರೀ ಕವಚದ ಟೈಪ್ ಬಿ ಪೀಪಾಯಿಯಲ್ಲಿ, ಕಾವಲಿನೊಂದಿಗೆ. ದಿನ, ದಾರಿ ಯಾರಿಗೂ ಹೇಳುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿದರೂ ಭದ್ರತೆಯ ಕಾರಣಕ್ಕೆ ಸಿಗುವುದಿಲ್ಲ. ಅದು ಸರಿಯಾದ ಕ್ರಮವೇ.

ನಿಯಮ ಯಾರದ್ದು? ಗೋವಾಕ್ಕೆ ಹೋದರೆ ಬದಲಾಗುತ್ತದೆಯೇ?

ಮೂಲ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದರೆ ಐಎಇಎ. ಅದರ ಸಾಗಣೆ ನಿಯಮ ಮೊದಲು ಬಂದದ್ದು 1961ರಲ್ಲಿ. ಎಸ್‌ಎಸ್‌ಆರ್-6 ಎಂಬ ಈಗಿನ ರೂಪದ ಪರಿಷ್ಕರಣೆ 2018ರದ್ದು. ಭಾರತದಲ್ಲಿ ಅದನ್ನು ಜಾರಿಗೆ ತರುವುದು 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿ, ಎಲ್ಲರೂ ಹೇಳುವಂತೆ ಎಇಆರ್‌ಬಿ. ಪೆಟ್ಟಿಗೆ, ಚೀಟಿ, ವಿಕಿರಣದ ಮಿತಿ ಇಡೀ ದೇಶಕ್ಕೆ ಒಂದೇ. ಗೋವಾ ಗಡಿಯ ಮಾಜಾಳಿ ದಾಟಿದರೆ ಅದರಲ್ಲೇನೂ ಬದಲಾಗದು.

ಬದಲಾಗುವುದು ಮನುಷ್ಯರು. ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್, ಜಿಲ್ಲಾಡಳಿತ ರಾಜ್ಯದವು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯಲ್ಲೂ ಕರ್ನಾಟಕವನ್ನು ನೋಡಿಕೊಳ್ಳುವುದು ಆಂಧ್ರದಲ್ಲಿ ನೆಲೆಯಿರುವ 10ನೇ ಬೆಟಾಲಿಯನ್, ಗೋವಾವನ್ನು ಪುಣೆಯ 5ನೇ ಬೆಟಾಲಿಯನ್. ಕಾಳಿ ಸೇತುವೆ ದಾಟಿ ಅರ್ಧ ಗಂಟೆ ಹೋದರೆ ಕರೆ ಹೋಗಬೇಕಾದ ಬಾಗಿಲೇ ಬೇರೆ. ಪ್ರಾದೇಶಿಕ ಸಹಕಾರದಲ್ಲಿ ಮುಖ್ಯ ಕೆಲಸ ಇರುವುದು ಇಲ್ಲಿ. ಪೆಟ್ಟಿಗೆ ಸೋರಿದ್ದರಿಂದ ಆಗುವ ತೊಂದರೆಗಿಂತ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಲುಪದೆ ಆಗುವ ತೊಂದರೆಯೇ ಹೆಚ್ಚು.

ಬಿಳಿ ಚೀಟಿ, ಹಳದಿ ಚೀಟಿ: ಏನು ವ್ಯತ್ಯಾಸ?

ಮೂರು ದರ್ಜೆ. ಮೇಲ್ಮೈಯಲ್ಲಿ ಗಂಟೆಗೆ 0.005 ಮಿಲಿಸೀವರ್ಟ್ ಮೀರದಿದ್ದರೆ 1-ಬಿಳಿ. 0.5ರವರೆಗೆ 2-ಹಳದಿ. 2ರವರೆಗೆ 3-ಹಳದಿ. ಆದರೆ ಮೇಲ್ಮೈ ಒಂದನ್ನೇ ನೋಡಿ ಚೀಟಿ ಅಂಟಿಸುವಂತಿಲ್ಲ, ಟ್ರಾನ್ಸ್‌ಪೋರ್ಟ್ ಇಂಡೆಕ್ಸ್ ಅಂದರೆ ಟಿಐ ಕೂಡ ಲೆಕ್ಕಕ್ಕೆ ಬರುತ್ತದೆ. ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ ಸುತ್ತ ಅಳೆದು, ಸಿಕ್ಕ ಅತಿ ಹೆಚ್ಚಿನ ಮಿಲಿಸೀವರ್ಟ್ ಅಂಕಿಯನ್ನು 100ರಿಂದ ಗುಣಿಸಿ. ದಶಮಾಂಶದ ಒಂದು ಸ್ಥಾನಕ್ಕೆ ಮೇಲ್ಮುಖವಾಗಿ ಸರಿಮಾಡಿ. 0.05 ಅಥವಾ ಕಡಿಮೆ ಬಂದರೆ ಸೊನ್ನೆ ಎಂದು ಬರೆಯಬಹುದು. 2-ಹಳದಿಗೆ ಟಿಐ 1 ದಾಟಬಾರದು, 3-ಹಳದಿಗೆ 10.

ಒಂದು ಲೆಕ್ಕ: ಮೇಲ್ಮೈಯಲ್ಲಿ ಗಂಟೆಗೆ 400 ಮೈಕ್ರೋಸೀವರ್ಟ್ (ಸಾವಿರ ಮೈಕ್ರೋ ಸೇರಿದರೆ ಒಂದು ಮಿಲಿ), ಒಂದು ಮೀಟರಿನಲ್ಲಿ 13. ಮೇಲ್ಮೈ ಪ್ರಕಾರ 0.4 ಮಿಲಿಸೀವರ್ಟ್, ಅಂದರೆ 2-ಹಳದಿ ಸಾಕು. ಒಂದು ಮೀಟರಿನದ್ದು 0.013, ಟಿಐ 1.3. ಅದು 1 ದಾಟಿತು, ಹಾಗಾಗಿ ಚೀಟಿ 3-ಹಳದಿ. ಎರಡರಲ್ಲಿ ಯಾವುದು ಮೇಲೋ ಅದೇ ದರ್ಜೆ.

ತಪ್ಪು ಆಗುವುದು ಹೆಚ್ಚಾಗಿ ಎರಡು ಕಡೆ. ವಿಕಿರಣ ಅಳೆಯುವ ಮೀಟರು ಮೈಕ್ರೋಸೀವರ್ಟ್ ತೋರಿಸುತ್ತಿರುತ್ತದೆ, ಬರೆಯುವವರು ಮಿಲಿ ಎಂದುಕೊಂಡು ಗುಣಿಸುತ್ತಾರೆ. ಟಿಐ ಜಾಗದಲ್ಲಿ 1300 ಬರುತ್ತದೆ, ಗಡಿಯಲ್ಲಿ ಕಾಗದ ನೋಡುವವರು ಗಾಬರಿಯಾಗುತ್ತಾರೆ. ಇನ್ನೊಂದು, ಹಿಂದಿನ ಸಲದ ಚೀಟಿ ಕೀಳದೆ ಹೊಸದನ್ನು ಪಕ್ಕದಲ್ಲಿ ಅಂಟಿಸುವುದು. ಚೀಟಿ ಎದುರುಬದುರಿನ ಎರಡು ಮೈಮೇಲೆ ಇರಬೇಕು, ಮಳೆಗೆ ಕಿತ್ತು ಬರದ ಅಂಟಿನದ್ದಾಗಿರಬೇಕು. ಆಷಾಢದ ಮಳೆಯಲ್ಲಿ ಸಾದಾ ಕಾಗದದ ಚೀಟಿ ಕುಮಟಾ ತಲುಪುವುದರೊಳಗೆ ಬಣ್ಣ ಬಿಟ್ಟಿರುತ್ತದೆ.

ಇಂಥ ಸರಕಿನ ಲಾರಿಯ ಹಿಂದೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ?

ಏನೂ ಆಗದು. ವಾಹನದ ಮೈಯಿಂದ 2 ಮೀಟರ್ ದೂರದಲ್ಲಿ ಗಂಟೆಗೆ 0.1 ಮಿಲಿಸೀವರ್ಟ್ ಮೀರುವಂತಿಲ್ಲ. ಮಿತಿಯ ತುದಿಯಲ್ಲೇ ಇದ್ದರೂ ಐದು ನಿಮಿಷಕ್ಕೆ ಸುಮಾರು 8 ಮೈಕ್ರೋಸೀವರ್ಟ್. ಪ್ರಕೃತಿಯಿಂದಲೇ ನಮಗೆಲ್ಲ ದಿನಕ್ಕೆ ಸರಾಸರಿ ಆರೇಳು ಮೈಕ್ರೋಸೀವರ್ಟ್ ಬರುತ್ತದೆ.

ಡ್ರೈವರ್ ಪಕ್ಕದಲ್ಲಿ ಕೂತು ಅಂಕೋಲಾವರೆಗೆ ಹೋಗಬಹುದೇ?

ಬೇಡ. ಹಳದಿ ಚೀಟಿಯ ಪೆಟ್ಟಿಗೆ ಇರುವ ವಾಹನದಲ್ಲಿ ಚಾಲಕ ಮತ್ತು ಸಹಾಯಕರ ಹೊರತು ಯಾರೂ ಕೂರುವಂತಿಲ್ಲ. ಬಸ್ಸು ತಪ್ಪಿದವರನ್ನು ಹತ್ತಿಸಿಕೊಳ್ಳುವ ನಮ್ಮ ಕಡೆಯ ಒಳ್ಳೆಯ ರೂಢಿ ಇಲ್ಲಿ ನಡೆಯದು. ಹಾಗೆಯೇ ರೇಡಿಯೋಗ್ರಫಿ ಕ್ಯಾಮೆರಾವನ್ನು ಸಾರಿಗೆ ಬಸ್ಸಿನಲ್ಲೋ ರೈಲಿನಲ್ಲೋ ಲಗೇಜಿನಂತೆ ಒಯ್ಯುವುದಕ್ಕೂ ಅನುಮತಿ ಇಲ್ಲ.

ಟೈಪ್ ಎ, ಟೈಪ್ ಬಿ ಎಂದರೇನು? ಪೆಟ್ಟಿಗೆ ಎಷ್ಟು ಗಟ್ಟಿ?

ಪೆಟ್ಟಿಗೆ ಒಡೆದರೂ ಹಾನಿ ಒಂದು ಮಿತಿಯೊಳಗೆ ಉಳಿಯುವಷ್ಟೇ ವಸ್ತು ಒಳಗಿದ್ದರೆ ಟೈಪ್ ಎ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಟೈಪ್ ಬಿ. ಗಟ್ಟಿ ಕ್ಯಾಪ್ಸೂಲಿನಲ್ಲಿ ಮುಚ್ಚಿದ ಇರಿಡಿಯಂ-192ಕ್ಕೆ ಆ ಗೆರೆ 1 ಟೆರಾಬೆಕರೆಲ್, ಕೋಬಾಲ್ಟ್-60ಕ್ಕೆ 0.4.

ಟೈಪ್ ಎ ಪೆಟ್ಟಿಗೆಯನ್ನು ಗಂಟೆಗೆ 5 ಸೆಂಟಿಮೀಟರ್ ಮಳೆಗೆ ಸಮನಾದ ನೀರಿನಲ್ಲಿ ಒಂದು ಗಂಟೆ ತೋಯಿಸುತ್ತಾರೆ, 1.2 ಮೀಟರ್ ಎತ್ತರದಿಂದ ಬೀಳಿಸುತ್ತಾರೆ, ಅದರ ತೂಕದ ಐದು ಪಟ್ಟನ್ನು 24 ಗಂಟೆ ಮೇಲೆ ಹೇರುತ್ತಾರೆ, 6 ಕಿಲೋ ಸರಳನ್ನು ಒಂದು ಮೀಟರಿನಿಂದ ಮೇಲೆ ಬಿಡುತ್ತಾರೆ. ಟೈಪ್ ಬಿಗೆ ಪರೀಕ್ಷೆ ಅಪಘಾತದ ಮಟ್ಟದ್ದು: ಬಗ್ಗದ ನೆಲದ ಮೇಲೆ 9 ಮೀಟರ್ ಬೀಳು, 15 ಸೆಂಟಿಮೀಟರ್ ವ್ಯಾಸದ ಉಕ್ಕಿನ ಗೂಟದ ಮೇಲೆ ಒಂದು ಮೀಟರ್ ಬೀಳು, ಆಮೇಲೆ 800 ಡಿಗ್ರಿ ಬೆಂಕಿಯಲ್ಲಿ 30 ನಿಮಿಷ. 15 ಮೀಟರ್ ಆಳದ ನೀರಿನ ಒತ್ತಡದಲ್ಲಿ 8 ಗಂಟೆ ಇಡುವುದು ಬೇರೆ.

ಮಳೆಯ ಪರೀಕ್ಷೆ ಒಂದು ಗಂಟೆಯದ್ದು ಎಂಬುದು ನಮ್ಮ ಕರಾವಳಿಯಲ್ಲಿ ನೆನಪಿರಲಿ. ಇಲ್ಲಿ ಮಳೆ ಹಿಡಿದರೆ ಮೂರು ದಿನ ಬಿಡುವುದಿಲ್ಲ. ರಟ್ಟಿನ ಹೊರಪೆಟ್ಟಿಗೆಯ ಟೈಪ್ ಎ ಪಾರ್ಸೆಲನ್ನು ತೆರೆದ ಪಿಕಪ್‌ನಲ್ಲಿ ತಾಡಪಾಲು ಹೊದಿಸಿ ಕಳಿಸುವುದು ಒಳ್ಳೆಯದಲ್ಲ. ಮುಚ್ಚಿದ ವಾಹನವೇ ಬೇಕು, ಪೆಟ್ಟಿಗೆಯ ಕೆಳಗೆ ಹಲಗೆ ಹಾಕಿ ನೆಲದಿಂದ ಎತ್ತರಿಸಿರಬೇಕು.

ಹೊರಡುವ ಮುಂಚೆ ಕಳಿಸುವವರು ಏನೇನು ನೋಡಬೇಕು?

ಮೊದಲು ಮೀಟರು. ಬ್ಯಾಟರಿ, ಕ್ಯಾಲಿಬ್ರೇಶನ್ ದಿನಾಂಕ, ಗೊತ್ತಿರುವ ಸಣ್ಣ ಮೂಲವೊಂದಕ್ಕೆ ಮುಳ್ಳು ಏಳುತ್ತದೆಯೇ ಎಂಬ ಪರೀಕ್ಷೆ. ಕೆಲವು ಹಳೆಯ ಜಿಎಂ (ಗೈಗರ್) ಟ್ಯೂಬಿನ ಮೀಟರುಗಳು ತೀರಾ ಹೆಚ್ಚು ವಿಕಿರಣದಲ್ಲಿ ಉಸಿರುಕಟ್ಟಿ ಸೊನ್ನೆ ತೋರಿಸುತ್ತವೆ. ಹಾಗಾಗಿ ಮೀಟರನ್ನು ದೂರದಲ್ಲೇ ಆನ್ ಮಾಡಿಕೊಂಡು ಹತ್ತಿರ ಹೋಗಬೇಕು. ಕಾರವಾರದ ಉಪ್ಪುಗಾಳಿಗೆ ಬ್ಯಾಟರಿ ಸ್ಪ್ರಿಂಗು ಹಸಿರು ಹಿಡಿಯುತ್ತದೆ, ಅದನ್ನೂ ನೋಡಿ.

ಕ್ಯಾಮೆರಾ ಆದರೆ ಮೂಲ ಒಳಗೆ ಲಾಕ್ ಆಗಿದೆಯೆಂದು ಮೀಟರಿನಿಂದಲೇ ಖಚಿತ ಮಾಡಿಕೊಳ್ಳಬೇಕು, ಕ್ಯಾಮೆರಾ ಮೇಲಿನ ಸೂಚಕವನ್ನು ನಂಬಿ ಕೂರಬಾರದು. ಪೆಟ್ಟಿಗೆಯ ಹೊರಮೈ ಒರೆಸಿ ನೋಡಿದಾಗ ಬೀಟಾ-ಗಾಮಾ ಮಾಲಿನ್ಯ ಚದರ ಸೆಂಟಿಮೀಟರಿಗೆ 4 ಬೆಕರೆಲ್ ಮೀರಬಾರದು, ಸಾಮಾನ್ಯ ಆಲ್ಫಾ ಮೂಲಗಳಿಗೆ 0.4.

ಆಮೇಲೆ ಕಾಗದ: ಸರಕಿನ ಘೋಷಣಾ ಪತ್ರ, ಸಾಗಿಸುವವರಿಗೆ ಸೂಚನೆ, ಟ್ರೆಮ್ ಕಾರ್ಡ್ ಎಂದು ಕರೆಯುವ ತುರ್ತು ಕಾರ್ಡ್, ಎಇಆರ್‌ಬಿಯ ಇ-ಲೋರಾ ಜಾಲದಲ್ಲಿ ಪಡೆದ ಅನುಮತಿಯ ಪ್ರತಿ. ಅಪಾಯಕಾರಿ ಸರಕಿನ ಬಗೆಯನ್ನು ಹೇಳುವ ಯುಎನ್ ಸಂಖ್ಯೆ ಪೆಟ್ಟಿಗೆಯಲ್ಲೂ ಕಾಗದದಲ್ಲೂ ಒಂದೇ ಇರಬೇಕು. ಸಾದಾ ಟೈಪ್ ಎಗೆ 2915, ಟೈಪ್ ಬಿಯ ಒಂದು ಬಗೆಯಾದ ಬಿ-ಯುಗೆ 2916. ಚಾಲಕರ ಲೈಸೆನ್ಸಿನಲ್ಲಿ ಅಪಾಯಕಾರಿ ಸರಕಿನ ನಮೂದು ಇರಬೇಕು. ವಾಹನದ ಎರಡು ಪಕ್ಕ ಮತ್ತು ಹಿಂಬದಿಗೆ ಫಲಕ.

ಟ್ರೆಮ್ ಕಾರ್ಡಿನ ಬಗ್ಗೆ ಒಂದು ಮಾತು. ಹಲವು ಕಾರ್ಡುಗಳಲ್ಲಿ ಇರುವುದು ಕಚೇರಿಯ ಲ್ಯಾಂಡ್‌ಲೈನ್. ರಾತ್ರಿ ಹತ್ತರ ಮೇಲೆ ಅದು ಹೊಡೆದುಕೊಳ್ಳುತ್ತಲೇ ಇರುತ್ತದೆ. ವಿಕಿರಣ ಸುರಕ್ಷತಾ ಅಧಿಕಾರಿ, ಅಂದರೆ ಆರ್‌ಎಸ್‌ಒ ಮತ್ತು ಅವರ ಬದಲಿ ವ್ಯಕ್ತಿಯ ಮೊಬೈಲು ಸಂಖ್ಯೆ ಬರೆಯಿರಿ, ಹೊರಡುವ ಮುಂಚೆ ಒಮ್ಮೆ ಕರೆ ಮಾಡಿ ನೋಡಿ. ಇಂಗ್ಲಿಷ್ ಕಾರ್ಡಿನ ಜೊತೆ ಕನ್ನಡದ್ದು ಇರಲಿ, ಗೋವಾಕ್ಕೆ ಹೋಗುವುದಾದರೆ ಕೊಂಕಣಿ ಅಥವಾ ಮರಾಠಿಯದ್ದೂ ಇರಲಿ. ಮೊದಲು ಅದನ್ನು ಓದುವವರು ವಿಜ್ಞಾನಿಗಳಲ್ಲ, ಗಸ್ತಿನ ಪೊಲೀಸರು.

ಘಟ್ಟದ ತಿರುವುಗಳಲ್ಲಿ ಪೆಟ್ಟಿಗೆ ಅಲುಗಾಡಿದರೆ?

ಅಲುಗಾಡುವುದೇ ದೊಡ್ಡ ಶತ್ರು. 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗಣಿಯಿಂದ ಪರ್ತ್‌ಗೆ ಸುಮಾರು 1,400 ಕಿಲೋಮೀಟರ್ ಲಾರಿಯಲ್ಲಿ ಬಂದ ಗೇಜೊಂದರ ಬೋಲ್ಟು ಕುಲುಕಾಟಕ್ಕೆ ಕಳಚಿತು. 8 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ದಪ್ಪದ ಸೀಸಿಯಂ-137 ಕ್ಯಾಪ್ಸೂಲು ಆ ತೂತಿನಿಂದ ರಸ್ತೆಗೆ ಬಿತ್ತು. ಪೆಟ್ಟಿಗೆ ಬಿಚ್ಚುವವರೆಗೆ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಫೆಬ್ರವರಿ 1ರಂದು ಪತ್ತೆ ಉಪಕರಣ ಕಟ್ಟಿಕೊಂಡ ವಾಹನ ರಸ್ತೆ ಬದಿಯಲ್ಲಿ ಅದನ್ನು ಹಿಡಿಯಿತು.

ಅಲ್ಲಿನದು ನೇರ ರಸ್ತೆ. ಅರಬೈಲ್, ದೇವಿಮನೆ, ಅಣಶಿ ಘಟ್ಟಗಳಲ್ಲಿ ಕುಲುಕಾಟದ ಜೊತೆಗೆ ಪ್ರತಿ ತಿರುವಿಗೂ ಅಡ್ಡ ಸೆಳೆತ. ಹಗ್ಗ ಬೇಡ, ಒದ್ದೆಯಾದರೆ ಸಡಿಲುತ್ತದೆ. ರಾಚೆಟ್ ಬೆಲ್ಟು ಎರಡು ದಿಕ್ಕಿನಲ್ಲಿ ಹಾಕಿ, ವಾಹನದ ನೆಲಕ್ಕೆ ಬೆಸೆದ ಕೊಂಡಿಗೆ ಬಿಗಿಯಿರಿ. ಪೆಟ್ಟಿಗೆಯನ್ನು ಕ್ಯಾಬಿನ್ನಿನಿಂದ ಆದಷ್ಟು ಹಿಂದಕ್ಕೆ ಇಡಿ. ಘಟ್ಟ ಹತ್ತುವ ಮುಂಚೆ ಒಮ್ಮೆ, ಇಳಿದ ಮೇಲೆ ಒಮ್ಮೆ ನಿಲ್ಲಿಸಿ ಬೆಲ್ಟು, ಬೀಗ, ಸೀಲು ನೋಡಿ, ಒಂದು ಮೀಟರಿನ ಅಳತೆ ತೆಗೆದು ಬರೆಯಿರಿ. ಹೊರಟಾಗಿನ ಅಂಕಿಗಿಂತ ಅಳತೆ ಏರಿದ್ದರೂ ಕೇಳಬೇಕು, ಇಳಿದಿದ್ದರೂ ಕೇಳಬೇಕು. ಇಳಿದಿದ್ದರೆ ಮೂಲವೇ ಒಳಗಿಲ್ಲದಿರಬಹುದು.

ಮಳೆಗಾಲದಲ್ಲಿ ಹೆದ್ದಾರಿ ಬಂದ್ ಆದರೆ ಆ ವಾಹನ ಎಲ್ಲಿ ನಿಲ್ಲಬೇಕು?

ಇದನ್ನು ಹೊರಡುವ ಮುಂಚೆಯೇ ತೀರ್ಮಾನಿಸಿರಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತು. ಮೂರು ವಾರದಲ್ಲೇ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರ-ಸದಾಶಿವಗಡ ನಡುವಿನ ಹಳೆಯ ಕಾಳಿ ಸೇತುವೆ ಬಿತ್ತು. ಅಂಥ ಹೊತ್ತಿನಲ್ಲಿ ಅಂಕೋಲಾದಿಂದ ಕುಮಟಾಕ್ಕೆ ಹೋಗಬೇಕಾದವರು ಅರಬೈಲ್ ಹತ್ತಿ ಯಲ್ಲಾಪುರ, ಶಿರಸಿ ಸುತ್ತಿ ದೇವಿಮನೆ ಇಳಿಯಬೇಕು. ಗೋವಾಕ್ಕಾದರೆ ಕದ್ರಾ, ಅಣಶಿ, ಜೋಯಿಡಾ, ರಾಮನಗರದ ಮೇಲೆ ಅನಮೋಡ ಘಟ್ಟ. ಈ ಬದಲಿ ದಾರಿಗಳೂ ಅದೇ ಮಳೆಗೆ ಸಿಕ್ಕ ಘಟ್ಟಗಳೇ.

ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಗಣೆ ಯೋಜನೆಯಲ್ಲಿ ಒಂದು ಹೆಚ್ಚುವರಿ ಹಾಳೆ ಇರಲಿ: ಮುಖ್ಯ ದಾರಿ, ಬದಲಿ ದಾರಿ, ಪ್ರತಿ ತಾಲೂಕಿನಲ್ಲಿ ನಿಲ್ಲಬಹುದಾದ ಒಂದು ಜಾಗ, ಆ ಠಾಣೆಯ ಸಂಖ್ಯೆ. ನಿಲ್ಲುವ ಜಾಗ ಮನೆ, ಶಾಲೆ, ಪೆಟ್ರೋಲ್ ಬಂಕಿನಿಂದ ದೂರವಿರಲಿ, ಗುಡ್ಡದ ಬುಡದಲ್ಲೂ ಹೊಳೆಯಂಚಿನಲ್ಲೂ ಬೇಡ. ಇಬ್ಬರಲ್ಲಿ ಒಬ್ಬರು ಸದಾ ವಾಹನದ ಬಳಿ ಇರಬೇಕು. ಚಹಾಕ್ಕೂ ಇಬ್ಬರೂ ಒಟ್ಟಿಗೆ ಹೋಗುವಂತಿಲ್ಲ. ದಾರಿ ಬದಲಾದರೆ ಮೊದಲ ಕರೆ ಕಳಿಸಿದವರ ಆರ್‌ಎಸ್‌ಒಗೆ. ಅವರು ಪಡೆಯುವವರಿಗೂ ಪೊಲೀಸರಿಗೂ ತಿಳಿಸಬೇಕು. ಚಾಲಕರೇ ನಾಲ್ಕು ಕಡೆ ಕರೆ ಮಾಡುತ್ತ ಕೂತರೆ ನಾಲ್ಕು ಕಥೆಗಳಾಗುತ್ತವೆ.

ಗಡಿ ದಾಟುವ ಸಾಗಣೆಗೆ ಆ ಹಾಳೆಯ ಪ್ರತಿ ಕಾರವಾರದ ಕಡೆಗೂ ದಕ್ಷಿಣ ಗೋವಾದ ಕಡೆಗೂ ಹೋಗಲಿ. ಘಟನೆ ಗಡಿಯ ಆ ಬದಿಯೋ ಈ ಬದಿಯೋ ಎಂಬ ಚರ್ಚೆಯಲ್ಲಿ ಮೊದಲ ಗಂಟೆ ಕಳೆಯಬಾರದು. ಯಾರು ಹತ್ತಿರವೋ ಅವರು ಸ್ಥಳ ಸುತ್ತುವರಿಯುವುದು, ಲೆಕ್ಕಾಚಾರ ಆಮೇಲೆ.

ಪೆಟ್ಟಿಗೆ ಹೊಳೆಗೆ ಬಿದ್ದರೆ ನೀರು, ಮೀನು ಕೆಡುತ್ತದೆಯೇ?

ಶಿರೂರಿನಲ್ಲಿ ಗ್ಯಾಸ್ ಟ್ಯಾಂಕರ್ ಗಂಗಾವಳಿಗೆ ಕೊಚ್ಚಿಹೋದದ್ದನ್ನು ನೋಡಿದ ಮೇಲೆ ಈ ಪ್ರಶ್ನೆ ಸಹಜ. ಇರಿಡಿಯಂ ಲೋಹ, ನೀರಿನಲ್ಲಿ ಕರಗದು. ಬೆಸೆದ ಉಕ್ಕಿನ ಕ್ಯಾಪ್ಸೂಲಿನಲ್ಲಿ ಇರುತ್ತದೆ, ಅದರ ಹೊರಗೆ ಟೈಪ್ ಬಿ ಕವಚ. ಒಂದು ಮೀಟರ್ ನೀರೇ ಅದರ ಗಾಮಾವನ್ನು ನೂರಾರು ಪಟ್ಟು ತಗ್ಗಿಸುತ್ತದೆ. ಅಪಾಯ ಇರುವುದು ನೀರಿಗಿಂತ, ಹುಡುಕದೆ ಬಿಟ್ಟ ಪೆಟ್ಟಿಗೆ ಮುಂದೆ ಮರಳು ತೆಗೆಯುವವರ ಕೈಗೆ ಸಿಗುವುದರಲ್ಲಿ. ಶಿರೂರಿನಲ್ಲಿ ಹೊಳೆ ಸೇರಿದ ಲಾರಿಯೊಂದು ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ, 71 ದಿನದ ಮೇಲೆ. ಇರಿಡಿಯಂ-192ರ ಅರ್ಧಾಯು, ಅಂದರೆ ಬಲ ಅರ್ಧಕ್ಕೆ ಇಳಿಯುವ ಕಾಲ, 74 ದಿನ. ಅಷ್ಟು ಕಾಲ ಹೂಳಿನಲ್ಲಿದ್ದರೂ ಅರ್ಧದಷ್ಟು ಬಲ ಉಳಿದೇ ಇರುತ್ತಿತ್ತು.

ಕರಗುವ ದ್ರವರೂಪದ ಔಷಧದ ವಿಷಯ ಬೇರೆ. ಅದರ ಪ್ರಮಾಣ ಕಡಿಮೆ, ಅರ್ಧಾಯು ಚಿಕ್ಕದು, ಆದರೂ ಕೆಳಪಾತ್ರದ ನೀರು ಪರೀಕ್ಷಿಸುವವರೆಗೆ ಬಳಸದಿರುವುದೇ ಸರಿ.

ಅಪಘಾತ ಕಂಡರೆ ಮೊದಲ ಅರ್ಧ ಗಂಟೆ ಏನು ಮಾಡಬೇಕು?

ಗಾಯಾಳುಗಳ ಜೀವ ಮೊದಲು. ವಿಕಿರಣದ ಹೆದರಿಕೆಯಿಂದ ರಕ್ತ ಹರಿಯುತ್ತಿರುವವರನ್ನು ಬಿಟ್ಟು ನಿಲ್ಲಬೇಡಿ. ಬೇಗ ಎತ್ತಿ ದೂರ ತನ್ನಿ, ಹೊದಿಕೆ ಸುತ್ತಿ. 112ಕ್ಕೆ ಕರೆ ಮಾಡಿ ಊರು, ಹತ್ತಿರದ ಗುರುತು, ಫಲಕದ ಯುಎನ್ ಸಂಖ್ಯೆ, ಬೆಂಕಿ ಇದೆಯೇ ಎಂಬುದನ್ನು ಹೇಳಿ.

ಸುತ್ತುವರಿಯುವ ದೂರಕ್ಕೆ ಐಎಇಎ ಕೈಪಿಡಿಯ ಅಂಕಿಗಳು ಸಾಕು: ಪೆಟ್ಟಿಗೆ ಜಖಂ ಆಗಿದ್ದರೆ ಸುತ್ತ 30 ಮೀಟರ್, ಒಳಗಿನದು ಹೆಚ್ಚು ಚೆಲ್ಲಿದ್ದರೆ 100, ಬೆಂಕಿ ಅಥವಾ ಹೊಗೆ ಇದ್ದರೆ 300. ಮೀಟರು ಬಂದ ಮೇಲೆ ಗಂಟೆಗೆ 100 ಮೈಕ್ರೋಸೀವರ್ಟ್ ಇರುವ ಗೆರೆಗೆ ಒಳಸುತ್ತು ಸರಿಸಬಹುದು. ಒಳಗೆ ಹೋದವರು ಊಟ, ಬೀಡಿ, ಎಲೆಅಡಿಕೆ ಮುಟ್ಟಬಾರದು. ಹತ್ತಿರ ಇದ್ದವರ ಹೆಸರು ಬರೆದುಕೊಳ್ಳಿ, ಅಲ್ಲಿಂದ ಚದುರಲು ಬಿಡಬೇಡಿ. ಬಿದ್ದ ಲೋಹದ ತುಂಡನ್ನು ಯಾರೂ ಎತ್ತಬಾರದು, ಎಷ್ಟೇ ಚಿಕ್ಕದಿರಲಿ. ಬೆಂಕಿಯನ್ನು ಎಂದಿನಂತೆ ಆರಿಸಬಹುದು. ಹರಿದ ನೀರು ಚರಂಡಿಗೂ ಗದ್ದೆಗೂ ಹೋಗದಂತೆ ಮಣ್ಣಿನ ಬದು ಹಾಕಿ. ಮುಂದಿನದಕ್ಕೆ ಅಣುಶಕ್ತಿ ಇಲಾಖೆಯ ಮುಂಬಯಿಯ ಬಿಕ್ಕಟ್ಟು ನಿರ್ವಹಣಾ ತಂಡ ಹಗಲಿರುಳು ಲಭ್ಯ. ಜಿಲ್ಲಾಡಳಿತ ಅಥವಾ ಕಳಿಸಿದವರು ಅವರನ್ನು ಕರೆಸುತ್ತಾರೆ.

ಮೊಬೈಲಿನಲ್ಲಿ ವಿಡಿಯೋ ಮಾಡುತ್ತ ಹತ್ತಿರ ಹೋಗುವವರನ್ನು ತಡೆಯುವುದೇ ಹೆಚ್ಚಿನ ಕೆಲಸವಾದೀತು.

ಆಸ್ಪತ್ರೆಯ ಪಾರ್ಸೆಲ್ ಒಂದು ದಿನ ತಡವಾದರೆ ಏನು ಮಹಾ?

ಯಾವ ಪಾರ್ಸೆಲ್ ಎಂಬುದರ ಮೇಲಿದೆ. ಅಯೋಡಿನ್-131ರ ಅರ್ಧಾಯು 8 ದಿನ, ಹತ್ತು ಗಂಟೆಯ ಪ್ರಯಾಣಕ್ಕೆ ಶೇ 3.5 ಹೋಗುತ್ತದೆ ಅಷ್ಟೆ. ಮಾಲಿಬ್ಡಿನಂ-99ಕ್ಕೆ 66 ಗಂಟೆ. ಒಂದು ದಿನ ತಡವಾದರೆ ಶೇ 22 ಕಡಿಮೆ, ಆ ವಾರದ ಕೆಲವು ರೋಗಿಗಳ ಸರದಿ ಮುಂದಕ್ಕೆ. ಪೆಟ್ ಸ್ಕ್ಯಾನಿನ ಫ್ಲೋರಿನ್-18ಕ್ಕೆ 110 ನಿಮಿಷ ಮಾತ್ರ. ಬೆಂಗಳೂರಿನಿಂದ ಕಾರವಾರಕ್ಕೆ ಹತ್ತು ಗಂಟೆಯಲ್ಲಿ ತಂದರೆ ಶೇ 2ಕ್ಕಿಂತ ತುಸು ಹೆಚ್ಚು ಉಳಿಯುತ್ತದೆ. ಘಟ್ಟದ ಬುಡದಲ್ಲಿ ಎರಡು ಗಂಟೆ ನಿಂತರೇ ಅರ್ಧಕ್ಕಿಂತ ಹೆಚ್ಚು ಹೋಯಿತು. ಹಾಗಾಗಿ ಕಾಗದ ಸರಿಯಿದ್ದರೆ ತಪಾಸಣೆಯಲ್ಲಿ ಇಂಥ ವಾಹನವನ್ನು ಮೊದಲು ಬಿಡುವಂತೆ ಚೆಕ್‌ಪೋಸ್ಟುಗಳಿಗೆ ತಿಳಿಸಿರಬೇಕು.

ಹಡಗಿನಲ್ಲಿ, ಬೇರೆ ದೇಶಕ್ಕೆ ಕಳಿಸುವಾಗ?

ಸಮುದ್ರದಲ್ಲಿ ಅಪಾಯಕಾರಿ ಸರಕಿಗಾಗಿ ಇರುವ ಐಎಂಡಿಜಿ ಸಂಹಿತೆಯ 7ನೇ ವರ್ಗ. ಟೈಪ್ ಬಿ-ಯು ವಿನ್ಯಾಸಕ್ಕೆ ಮೂಲ ದೇಶದ ಒಪ್ಪಿಗೆ ಸಾಕು, ಉಳಿದವರು ಅದನ್ನು ಮಾನ್ಯ ಮಾಡುತ್ತಾರೆ. ಟೈಪ್ ಬಿ-ಎಂಗೆ ಹಾದುಹೋಗುವ, ತಲುಪುವ ದೇಶಗಳೂ ಒಪ್ಪಬೇಕು. ಕಾಗದ ಸರಿಯಿದ್ದರೂ ಹಡಗಿನವರು, ಬಂದರಿನವರು, ವಿಮಾನ ಕಂಪನಿಯವರು ‘ಬೇಡ’ ಎನ್ನುವುದು ಜಗತ್ತಿನಾದ್ಯಂತ ಇರುವ ತಲೆನೋವು. ಇದಕ್ಕಾಗಿಯೇ ಐಎಇಎ 2006ರಲ್ಲಿ ಸಮಿತಿ ಮಾಡಿ, ದೇಶಕ್ಕೊಬ್ಬ ಸಂಪರ್ಕಾಧಿಕಾರಿ, ಪ್ರದೇಶಕ್ಕೊಂದು ಜಾಲ ಎಂಬ ವ್ಯವಸ್ಥೆ ತಂದಿತು. ಅಪಘಾತದ ಪ್ರಭಾವ ಗಡಿ ದಾಟುವಂತಿದ್ದರೆ ನೆರೆಯವರಿಗೆ ಬೇಗ ತಿಳಿಸುವ, ನೆರವು ಕೇಳುವ ಎರಡು ಒಪ್ಪಂದಗಳು 1986ರವು, ಭಾರತ ಎರಡರಲ್ಲೂ ಇದೆ.

ಖಾಲಿ ಪೆಟ್ಟಿಗೆಯನ್ನು ಗುಜರಿಗೆ ಹಾಕಬಹುದೇ?

ಖಂಡಿತ ಇಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ವಿಶ್ವವಿದ್ಯಾಲಯವೊಂದರ ಹಳೆಯ ಕೋಬಾಲ್ಟ್-60 ಉಪಕರಣ ಹರಾಜಿನಲ್ಲಿ ಹೋಯಿತು. ಬಿಚ್ಚಿದವರಿಗೆ ತೀವ್ರ ವಿಕಿರಣ ತಗುಲಿ ಒಬ್ಬರು ಸತ್ತರು. ರೇಡಿಯೋಗ್ರಫಿ ಕ್ಯಾಮೆರಾದಲ್ಲಿ ಮೂಲ ತೆಗೆದರೂ ಒಳಗಿನ ಕವಚವೇ ಹೆಚ್ಚಾಗಿ ಸವಕಲು ಯುರೇನಿಯಂನದ್ದಾಗಿರುತ್ತದೆ, ಮೀಟರು ಅದಕ್ಕೂ ಏಳುತ್ತದೆ. ಅದಕ್ಕೆ ಯುಎನ್ 2909ರ ಪ್ರತ್ಯೇಕ ಗುರುತಿದೆ. ಮರಳಿ ಹೋಗುವ ಖಾಲಿ ಪೆಟ್ಟಿಗೆಗೆ 2908. ಹಳೆಯ ಹಳದಿ ಚೀಟಿ ಕಿತ್ತು ಅಥವಾ ಮುಚ್ಚಿ ಕಳಿಸಬೇಕು.

ಗುಜರಿ ಅಂಗಡಿಯವರಿಗೆ: ಗಾತ್ರಕ್ಕೆ ಮೀರಿ ತೂಕವಿರುವ, ಮೂರು ರೆಕ್ಕೆಯ ಗುರುತು ಇರುವ ಅಥವಾ ಅದನ್ನು ಉಜ್ಜಿ ತೆಗೆದಂತೆ ಕಾಣುವ ಸೀಸದ ಡಬ್ಬಿ ಬಂದರೆ ಅದಕ್ಕೆ ಕೊಡಲಿಯನ್ನೋ ಗ್ಯಾಸ್ ಕಟರನ್ನೋ ಹಚ್ಚಬೇಡಿ. ಇದ್ದಲ್ಲೇ ಬಿಟ್ಟು, ಜನರನ್ನು ದೂರ ಕಳಿಸಿ, ಠಾಣೆಗೆ ಹೇಳಿ. ತಂದವರ ವಾಹನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮೂಲದ ಉಳಿದ ಭಾಗ ಎಲ್ಲಿದೆ ಎಂದು ಹುಡುಕಲು ಬೇಕಾಗುವುದು ಅದೇ.